ಕತ್ತಲಿನ ಮೂರನೆಯ ದಿನ ರೇಡಿಯೊ ಏಕೆ ಮೌನವಾಗುತ್ತದೆ?

ದೊಡ್ಡ ಬಿರುಗಾಳಿಯೊಂದು ಬಂದು ಹೋದ ಮೇಲೆ ಎರಡು ಬಗೆಯ ಸುದ್ದಿಗಳು ಅಕ್ಕಪಕ್ಕದಲ್ಲೇ ಅಚ್ಚಾಗುತ್ತವೆ. ಮೊಬೈಲ್ ಕೈಕೊಟ್ಟಿತು, ಇಂಟರ್‌ನೆಟ್ ನಿಂತಿತು, ಜನರಿಗೆ ಆಸರೆಯಾಗಿ ಉಳಿದದ್ದು ರೇಡಿಯೊ ಮಾತ್ರ ಎನ್ನುತ್ತದೆ ಒಂದು. ಬಿರುಗಾಳಿಗೆ ಸಿಕ್ಕಿ ರೇಡಿಯೊ ನಿಲಯಗಳೂ ಮೌನವಾದವು ಎನ್ನುತ್ತದೆ ಇನ್ನೊಂದು. ಓದುಗರು ಯಾವುದನ್ನು ನಂಬಬೇಕು?

ಎರಡೂ ನಿಜ. 2017ರ ಸೆಪ್ಟೆಂಬರ್‌ನಲ್ಲಿ ಮರಿಯಾ ಚಂಡಮಾರುತ ಪೋರ್ಟೊ ರಿಕೊ ದ್ವೀಪವನ್ನು ಹಾದುಹೋದ ಮರುದಿನ ಅಲ್ಲಿನ ಮೊಬೈಲ್ ಗೋಪುರಗಳಲ್ಲಿ ಶೇಕಡಾ 95ರಷ್ಟು ಕೆಲಸ ನಿಲ್ಲಿಸಿದ್ದವು. ಇಡೀ ದ್ವೀಪದ ವಿದ್ಯುತ್ ಜಾಲ ಕುಸಿದಿತ್ತು. ಆಗ ವಾಪಾ ರೇಡಿಯೊ ಎಂಬ ನಿಲಯ ಮಧ್ಯಮ ತರಂಗದಲ್ಲಿ (ಮೀಡಿಯಂ ವೇವ್) ಮಾತನಾಡುತ್ತಲೇ ಇತ್ತು. ಆದರೆ ಹನ್ನೆರಡು ವರ್ಷ ಹಿಂದೆ, 2005ರ ಆಗಸ್ಟ್‌ನಲ್ಲಿ, ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ಮೇಲೆ ಎರಗಿದಾಗ ಆ ನಗರ ಮತ್ತು ಸುತ್ತಲಿನ 41 ರೇಡಿಯೊ ನಿಲಯಗಳಲ್ಲಿ ಪ್ರಸಾರ ಉಳಿಸಿಕೊಂಡವು ಕೇವಲ 4.

ಈ ಗೊಂದಲಕ್ಕೆ ಈಚೆಗೆ ರಾಜಕೀಯವೂ ಸೇರಿಕೊಂಡಿದೆ. ಸಾರ್ವಜನಿಕ ರೇಡಿಯೊ ಮತ್ತು ಟಿವಿಗೆಂದು ಮೀಸಲಿಟ್ಟಿದ್ದ ಎರಡು ವರ್ಷಗಳ 110 ಕೋಟಿ ಡಾಲರ್ ಅನುದಾನವನ್ನು ಅಮೆರಿಕದ ಸಂಸತ್ತು 2025ರ ಜುಲೈನಲ್ಲಿ ಹಿಂದಕ್ಕೆ ಪಡೆಯಿತು. ಅದೇ ಅಕ್ಟೋಬರ್‌ನಲ್ಲಿ ಹಾಲಾಂಗ್ ಚಂಡಮಾರುತದ ಅವಶೇಷ ಪಶ್ಚಿಮ ಅಲಾಸ್ಕಾದ ಹಳ್ಳಿಗಳನ್ನು ಕೊಚ್ಚಿ ಹಾಕಿತು. ಇಂಗ್ಲಿಷ್ ಮತ್ತು ಯೂಪಿಕ್ ಭಾಷೆಗಳಲ್ಲಿ ಆ ಪ್ರದೇಶಕ್ಕೆ ಸುದ್ದಿ ಮುಟ್ಟಿಸುತ್ತಿದ್ದ ಬೆಥೆಲ್ ಪಟ್ಟಣದ ಸಣ್ಣ ನಿಲಯ, ಅನುದಾನ ಕಳೆದುಕೊಂಡ ನಿಲಯಗಳಲ್ಲಿ ಒಂದಾಗಿತ್ತು. ಆಪತ್ತಿನಲ್ಲಿ ರೇಡಿಯೊ ಬೇಕೇ ಬೇಕು ಎನ್ನುವವರು, ಅದಕ್ಕೆ ಹಣ ಏಕೆ ಎನ್ನುವವರು ಇಬ್ಬರೂ ಒಂದೇ ಘಟನೆಯನ್ನು ತಮ್ಮ ಪರ ಸಾಕ್ಷಿಯಾಗಿ ಮುಂದಿಡುತ್ತಿದ್ದಾರೆ. ಯಾರ ವಾದದಲ್ಲಿ ಎಷ್ಟು ತಿರುಳಿದೆ ಎಂದು ತೂಗಿ ನೋಡುವ ಮೊದಲು, ಕರೆಂಟ್ ಹೋದಾಗ ನಿಲಯವೊಂದರ ಒಳಗೆ ಏನಾಗುತ್ತದೆ ಎಂಬುದನ್ನು ತಿಳಿಯಬೇಕು.

ನಿಲಯ ಎಂದರೆ ಒಂದು ಕಟ್ಟಡವಲ್ಲ

ಕೇಳುಗರ ಕಲ್ಪನೆಯಲ್ಲಿ ರೇಡಿಯೊ ನಿಲಯ ಎಂದರೆ ಮೈಕ್ ಮುಂದೆ ಕೂತ ಉದ್ಘೋಷಕ ಮತ್ತು ತಲೆಯ ಮೇಲೊಂದು ಗೋಪುರ. ಬಹುತೇಕ ನಿಲಯಗಳು ಹಾಗಿರುವುದಿಲ್ಲ. ಎಫ್‌ಎಂ ಅಲೆಗಳು ಹೆಚ್ಚುಕಡಿಮೆ ನೇರವಾಗಿ, ಕಣ್ಣಿಗೆ ಕಾಣುವಷ್ಟು ದೂರಕ್ಕೆ ಹೋಗುವುದರಿಂದ ಆಂಟೆನಾ ಎತ್ತರದಲ್ಲಿರಬೇಕು. ಹೀಗಾಗಿ ಸ್ಟುಡಿಯೊ ಊರೊಳಗೆ, ಟ್ರಾನ್ಸ್‌ಮಿಟರ್ ಗುಡ್ಡದ ಮೇಲೆ. ನಡುವೆ ಧ್ವನಿಯನ್ನು ಸಾಗಿಸುವ ಒಂದು ಕೊಂಡಿ. ಮೂರಕ್ಕೂ ಪ್ರತ್ಯೇಕ ವಿದ್ಯುತ್ ಬೇಕು. ಮೂರರಲ್ಲಿ ಯಾವುದು ನಿಂತರೂ ಕೇಳುಗನಿಗೆ ಸಿಗುವುದು ಒಂದೇ ಫಲ, ಮೌನ.

ಮೊದಲು ಕೈಕೊಡುವುದು ಸಾಮಾನ್ಯವಾಗಿ ಆ ನಡುವಿನ ಕೊಂಡಿ. ಹಿಂದೆ ನಿಲಯಗಳು ತಮ್ಮದೇ ಮೈಕ್ರೋವೇವ್ ಡಿಶ್‌ಗಳನ್ನು ಎರಡೂ ತುದಿಗೆ ಕಟ್ಟಿ ಧ್ವನಿ ಕಳಿಸುತ್ತಿದ್ದವು, ಇಲ್ಲವೇ ಟೆಲಿಫೋನ್ ಕಂಪನಿಯ ತಾಮ್ರದ ತಂತಿಯನ್ನು ಬಾಡಿಗೆಗೆ ಪಡೆಯುತ್ತಿದ್ದವು. ಈಗ ಅನೇಕ ನಿಲಯಗಳು ಇಂಟರ್‌ನೆಟ್ ಮೇಲೆಯೇ ಧ್ವನಿ ಸಾಗಿಸುತ್ತವೆ. ಅದು ಅಗ್ಗ, ಸ್ವಚ್ಛ, ಹೊಂದಿಸುವುದೂ ಸುಲಭ. ಆದರೆ ಆ ಫೈಬರ್ ಕೇಬಲ್ ಹಾದುಹೋಗುವುದು ವಿದ್ಯುತ್ ಕಂಬಗಳ ಮೇಲೆಯೇ, ಮರಗಳ ಕೆಳಗೆಯೇ. ಬಿರುಗಾಳಿ ಉಳಿಸಿದ ಕೇಬಲ್ ಅನ್ನು ರಸ್ತೆಯಲ್ಲಿ ಬಿದ್ದ ಮರ ಕಡಿಯಲು ಬಂದವರ ಗರಗಸ ಕತ್ತರಿಸುವುದೂ ಉಂಟು. ಸ್ಟುಡಿಯೊದಲ್ಲಿ ಜನರೇಟರ್ ಓಡುತ್ತಿದೆ, ಗುಡ್ಡದ ಮೇಲೂ ಓಡುತ್ತಿದೆ, ಉದ್ಘೋಷಕ ಮಾತನಾಡುತ್ತಲೇ ಇದ್ದಾನೆ; ಅಲೆಯ ಮೇಲೆ ಮಾತ್ರ ಏನೂ ಇಲ್ಲ. ಪೋರ್ಟೊ ರಿಕೊದಲ್ಲಿ ವಾಪಾ ಉಳಿದುಕೊಂಡದ್ದಕ್ಕೆ ಒಂದು ಮುಖ್ಯ ಕಾರಣ, ಅದು ತನ್ನ ಹಳೆಯ ಮೈಕ್ರೋವೇವ್ ಕೊಂಡಿಗಳನ್ನು ಬಿಟ್ಟುಕೊಡದೆ ಇದ್ದದ್ದು. ಹೊಸದಕ್ಕೆ ಹಾರಿದವರಿಗಿಂತ ಹಳೆಯದನ್ನು ಒರೆಸಿ ಇಟ್ಟುಕೊಂಡವರು ಗೆದ್ದ ಅಪರೂಪದ ನಿದರ್ಶನ ಇದು.

ತಾಮ್ರದ ತಂತಿಯ ವಿಷಯವನ್ನೂ ಇಲ್ಲಿ ಹೇಳಬೇಕು. ಅದರಲ್ಲಿ ಟೆಲಿಫೋನ್ ವಿನಿಮಯ ಕೇಂದ್ರದ ಬ್ಯಾಟರಿಯಿಂದ ಸುಮಾರು 48 ವೋಲ್ಟ್ ವಿದ್ಯುತ್ ಹರಿಯುತ್ತಿತ್ತು. ಮನೆಯಲ್ಲಿ ಕರೆಂಟ್ ಇಲ್ಲದಿದ್ದರೂ ಫೋನ್ ಕೆಲಸ ಮಾಡುತ್ತಿದ್ದುದು ಅದರಿಂದಲೇ. ಫೈಬರ್ ಎಂಬ ಗಾಜಿನ ಎಳೆ ವಿದ್ಯುತ್ತನ್ನು ಸಾಗಿಸಲಾರದು. ಎರಡೂ ತುದಿಯಲ್ಲಿ ಬೇರೆಯೇ ಏರ್ಪಾಡು ಬೇಕು. ಬ್ರಿಟನ್ನಿನಲ್ಲಿ 2021ರ ನವೆಂಬರ್‌ನ ಆರ್ವೆನ್ ಬಿರುಗಾಳಿ ಸುಮಾರು ಹತ್ತು ಲಕ್ಷ ಗ್ರಾಹಕರ ವಿದ್ಯುತ್ ಕಿತ್ತುಕೊಂಡಿತು. ಆ ಚಳಿಗಾಲದ ಬಿರುಗಾಳಿಗಳ ಅನುಭವದ ನಂತರ ಅಲ್ಲಿನ ದೂರವಾಣಿ ಕಂಪನಿ ಬಿಟಿ, ಮನೆಗಳ ಫೋನನ್ನು ಡಿಜಿಟಲ್‌ಗೆ ಬದಲಿಸುವ ಕಾರ್ಯಕ್ರಮವನ್ನೇ 2022ರಲ್ಲಿ ಸ್ವಲ್ಪ ಕಾಲ ತಡೆಹಿಡಿಯಿತು. ಮನೆಯ ಫೋನಿಗೆ ಅನ್ವಯಿಸುವ ಮಾತು ನಿಲಯದ ಕೊಂಡಿಗೂ ಅನ್ವಯಿಸುತ್ತದೆ.

ಬ್ಯಾಟರಿಯ ಲೆಕ್ಕ, ಡೀಸೆಲ್ ಲೆಕ್ಕ

‘ನಮ್ಮಲ್ಲಿ ಜನರೇಟರ್ ಇದೆ’ ಎನ್ನುವುದು ಉತ್ತರದಂತೆ ಕೇಳಿಸುತ್ತದೆ. ವಾಸ್ತವವಾಗಿ ಅಲ್ಲಿಂದ ಪ್ರಶ್ನೆ ಶುರುವಾಗುತ್ತದೆ. ಎಷ್ಟು ಗಂಟೆಗೆ?

ಮಧ್ಯಮ ಗಾತ್ರದ ಎಫ್‌ಎಂ ನಿಲಯವೊಂದನ್ನು ತೆಗೆದುಕೊಳ್ಳೋಣ. ಅದರ ಟ್ರಾನ್ಸ್‌ಮಿಟರ್ 10 ಕಿಲೋವ್ಯಾಟ್ ಶಕ್ತಿಯನ್ನು ಆಂಟೆನಾಕ್ಕೆ ಕೊಡುತ್ತದೆ. ಒಳ್ಳೆಯ ಆಧುನಿಕ ಉಪಕರಣವೂ ತಾನು ಎಳೆದ ವಿದ್ಯುತ್ತಿನಲ್ಲಿ ಹತ್ತರಲ್ಲಿ ಏಳು ಪಾಲನ್ನಷ್ಟೇ ಅಲೆಯಾಗಿಸುತ್ತದೆ, ಉಳಿದದ್ದು ಶಾಖವಾಗುತ್ತದೆ. ಆ ಶಾಖವನ್ನು ಹೊರಹಾಕಲು ಫ್ಯಾನು, ಹವಾನಿಯಂತ್ರಕ ಬೇಕು. ಎಲ್ಲ ಸೇರಿ ಗಂಟೆಗೆ 18 ಯೂನಿಟ್ ಎಂದಿಟ್ಟುಕೊಂಡರೆ, ಲೀಟರ್ ಡೀಸೆಲ್‌ಗೆ ಮೂರು ಯೂನಿಟ್‌ನಂತೆ ಗಂಟೆಗೆ 6 ಲೀಟರ್ ಬೇಕು. ದಿನಕ್ಕೆ 144 ಲೀಟರ್, ಮೂರು ದಿನಕ್ಕೆ 432. ಗುಡ್ಡದ ಮೇಲಿನ ತೊಟ್ಟಿ ಇನ್ನೂರು ಲೀಟರಿನದಾಗಿದ್ದರೆ ಎರಡನೆಯ ದಿನದ ಮಧ್ಯಾಹ್ನಕ್ಕಿಂತ ಮೊದಲೇ ಅದು ಬರಿದಾಗುತ್ತದೆ.

ಇಲ್ಲಿ ತಂತ್ರಜ್ಞರು ಬಳಸುವ ಸುಲಭದ ಉಪಾಯವೊಂದಿದೆ: ಶಕ್ತಿ ತಗ್ಗಿಸುವುದು. ಟ್ರಾನ್ಸ್‌ಮಿಟರನ್ನು ಕಾಲು ಭಾಗಕ್ಕೆ ಇಳಿಸಿದರೆ ಕೇಳುಗರು ಕಾಲು ಭಾಗಕ್ಕೆ ಇಳಿಯುವುದಿಲ್ಲ. ಅಲೆಯ ಬಲ ಅರ್ಧವಾಗುತ್ತದೆ, ಅಂಚಿನಲ್ಲಿರುವವರಿಗೆ ಕರಕರ ಸದ್ದು ಸೇರಿಕೊಳ್ಳುತ್ತದೆ, ಆದರೆ ಹತ್ತಿರದ ಊರುಗಳಿಗೆ ಏನೂ ವ್ಯತ್ಯಾಸ ತಿಳಿಯುವುದಿಲ್ಲ. ಶಾಖವೂ ಕಡಿಮೆಯಾಗುವುದರಿಂದ ಹವಾನಿಯಂತ್ರಕವನ್ನು ಆರಿಸಬಹುದು. ಡೀಸೆಲ್ ಖರ್ಚು ಗಂಟೆಗೆ ಎರಡು ಲೀಟರಿನ ಆಸುಪಾಸಿಗೆ ಬರುತ್ತದೆ, ಒಂದೂವರೆ ದಿನದ ಇಂಧನ ನಾಲ್ಕು ದಿನ ಬರುತ್ತದೆ. ಕಾಗದದ ಮೇಲಿನ ಈ ಲಾಭ ಪೂರ್ತಿ ಕೈಗೆ ಸಿಗದು ಎಂಬುದೂ ನಿಜ, ಏಕೆಂದರೆ ದೊಡ್ಡ ಜನರೇಟರ್ ಹಗುರ ಭಾರದಲ್ಲಿ ದಿನಗಟ್ಟಲೆ ಓಡಿದರೆ ಇಂಧನ ಸರಿಯಾಗಿ ಉರಿಯದೆ ಮಸಿ ಕಟ್ಟಿಕೊಳ್ಳುತ್ತದೆ. ಆದರೂ ಮೊದಲ ಗಂಟೆಯಲ್ಲೇ ಶಕ್ತಿ ತಗ್ಗಿಸಿದ ನಿಲಯಕ್ಕೂ, ತೊಟ್ಟಿಯ ತಳ ಕಂಡ ಮೇಲೆ ತಗ್ಗಿಸಿದ ನಿಲಯಕ್ಕೂ ಎರಡು ದಿನಗಳ ಅಂತರವಿರುತ್ತದೆ.

ಸಣ್ಣ ಸಮುದಾಯ ಬಾನುಲಿಯ ಲೆಕ್ಕವೇ ಬೇರೆ. 100 ವ್ಯಾಟ್ ಟ್ರಾನ್ಸ್‌ಮಿಟರ್ ಎಳೆಯುವುದು ಇನ್ನೂರು ವ್ಯಾಟ್‌ಗಿಂತ ಕಡಿಮೆ. ಲ್ಯಾಪ್‌ಟಾಪ್, ಮಿಕ್ಸರ್, ಮೈಕ್, ಒಂದು ದೀಪ ಎಲ್ಲ ಸೇರಿದರೂ ನಾನೂರು ದಾಟುವುದಿಲ್ಲ. ಮನೆಯ ಇನ್ವರ್ಟರಿಗೆ ಜೋಡಿಸುವಂಥ 12 ವೋಲ್ಟ್, 150 ಆಂಪಿಯರ್-ಅವರ್‌ನ ಬ್ಯಾಟರಿಯಲ್ಲಿ 1.8 ಯೂನಿಟ್ ಇರುತ್ತದೆ; ಬ್ಯಾಟರಿ ಕೆಡದಂತೆ ಬಳಸಬೇಕಾದರೆ ಅದರಲ್ಲಿ ಅರ್ಧ. ಅಂಥ ನಾಲ್ಕಿದ್ದರೆ 3.6 ಯೂನಿಟ್, ಅಂದರೆ ಒಂಬತ್ತು ಗಂಟೆ.

ಒಂಬತ್ತು ಗಂಟೆ ಎಂದರೆ ಏನೂ ಅಲ್ಲ ಎನಿಸಬಹುದು. ಅದನ್ನು ಒಂದೇ ಸಮನೆ ಖರ್ಚು ಮಾಡಿದರೆ ನಿಜಕ್ಕೂ ಏನೂ ಅಲ್ಲ. ಆದರೆ ಬೆಳಿಗ್ಗೆ ಏಳಕ್ಕೆ ಒಂದು ಗಂಟೆ, ಮಧ್ಯಾಹ್ನ ಒಂದಕ್ಕೆ ಒಂದು ಗಂಟೆ, ಸಂಜೆ ಆರಕ್ಕೆ ಒಂದು ಗಂಟೆ ಮಾತ್ರ ಪ್ರಸಾರ ಎಂದು ಮೊದಲೇ ಹೇಳಿ, ಹಾಡನ್ನೆಲ್ಲ ಬಿಟ್ಟರೆ ಅದೇ ಬ್ಯಾಟರಿ ಮೂರು ದಿನ ಬರುತ್ತದೆ. ಕೇಳುವವರ ಸೆಲ್ಲೂ ಉಳಿಯುತ್ತದೆ. ಇಪ್ಪತ್ತನಾಲ್ಕು ಗಂಟೆಯೂ ಪ್ರಸಾರ ಇರಲೇಬೇಕು ಎಂಬುದು ಜಾಹೀರಾತಿನ ಕಾಲ ಕಲಿಸಿದ ಅಭ್ಯಾಸ. ಕತ್ತಲಿನ ಊರಿಗೆ ಬೇಕಾದದ್ದು ಹೇಳಿದ ಹೊತ್ತಿಗೆ ತಪ್ಪದೆ ಬರುವ ದನಿ.

ಮೂರನೆಯ ದಿನದ ಗಂಟು

ಮೊದಲ ದಿನ ಬಹುತೇಕ ಎಲ್ಲರೂ ಸಿದ್ಧರಿರುತ್ತಾರೆ. ಹವಾಮಾನ ಇಲಾಖೆ ಎಚ್ಚರಿಸಿರುತ್ತದೆ, ತೊಟ್ಟಿ ತುಂಬಿರುತ್ತದೆ, ಸಿಬ್ಬಂದಿ ಹಾಸಿಗೆ ಸಮೇತ ನಿಲಯಕ್ಕೆ ಬಂದಿರುತ್ತಾರೆ. ಗಾಳಿ ನಿಂತ ಮೇಲೆ, ಎಲ್ಲರೂ ಉಸಿರು ಬಿಟ್ಟ ಮೇಲೆ ತೊಡಕುಗಳು ಒಂದೊಂದಾಗಿ ತಲೆ ಎತ್ತುತ್ತವೆ.

ಡೀಸೆಲ್ ಮುಗಿಯುತ್ತ ಬರುತ್ತದೆ. ಹತ್ತಿರದ ಬಂಕಿನ ನೆಲಮಾಳಿಗೆಯ ಟ್ಯಾಂಕಿನಲ್ಲಿ ಸಾವಿರಾರು ಲೀಟರ್ ಇದೆ, ಆದರೆ ಅದನ್ನು ಮೇಲೆತ್ತುವ ಪಂಪಿಗೆ ಕರೆಂಟ್ ಇಲ್ಲ. ಕರೆಂಟ್ ಇರುವ ಬಂಕಿನ ಮುಂದೆ ಉದ್ದದ ಸಾಲು ಇದೆ. ಸಾಲಿನ ಮುಂದಕ್ಕೆ ಬಿಡುವುದು ಆಂಬುಲೆನ್ಸನ್ನು, ಅಗ್ನಿಶಾಮಕ ವಾಹನವನ್ನು; ರೇಡಿಯೊದವರು ಯಾರೋ ಏನೋ. ಇಂಧನ ಸಿಕ್ಕರೂ ಗುಡ್ಡದ ರಸ್ತೆಗೆ ಮರ ಬಿದ್ದಿದೆ. ಮರ ತೆಗೆದರೂ ಪೊಲೀಸ್ ತಡೆ ಇದೆ. ಕತ್ರಿನಾ ನಂತರ ಅಮೆರಿಕದ ಸಂಪರ್ಕ ಆಯೋಗ ಎಫ್‌ಸಿಸಿ ನೇಮಿಸಿದ ಸಮಿತಿ ಪಟ್ಟಿ ಮಾಡಿದ ಅಡೆತಡೆಗಳಲ್ಲಿ ಇಂಧನದ ಅಭಾವ ಮತ್ತು ರಿಪೇರಿಗೆ ಹೊರಟವರನ್ನು ಒಳಗೆ ಬಿಡದಿರುವುದು ಎರಡೂ ಇದ್ದವು. ಯಂತ್ರ ಕೆಡುವುದಕ್ಕಿಂತ ಯಂತ್ರದ ಬಳಿಗೆ ಹೋಗಲಾಗದಿರುವುದು ದೊಡ್ಡ ಸಮಸ್ಯೆ ಎಂಬುದು ಸಂಪರ್ಕ ಕ್ಷೇತ್ರದವರಿಗೆ ಆಗಲೇ ಗೊತ್ತಾಗಿತ್ತು.

ಇದಕ್ಕೆ ಕಾನೂನಿನ ಉತ್ತರ ಬರಲು ಅಲ್ಲಿ ವರ್ಷಗಳೇ ಹಿಡಿದವು. 2018ರ ತಿದ್ದುಪಡಿಯಲ್ಲಿ ರೇಡಿಯೊ ಮತ್ತು ಟಿವಿ ಪ್ರಸಾರಕರನ್ನು ‘ಅಗತ್ಯ ಸೇವೆ ನೀಡುವವರು’ ಎಂಬ ಪಟ್ಟಿಗೆ ಸೇರಿಸಲಾಯಿತು. ಪಟ್ಟಿಯಲ್ಲಿ ಹೆಸರಿರುವುದು ಬೇರೆ, ಮಳೆಯಲ್ಲಿ ನೆನೆಯುತ್ತ ತಡೆಗಂಬದ ಬಳಿ ನಿಂತ ಪೇದೆಗೆ ಅದು ತಿಳಿದಿರುವುದು ಬೇರೆ.

ಇನ್ನೊಂದು ಕಾರಣ ಅಷ್ಟು ಎದ್ದು ಕಾಣುವುದಿಲ್ಲ. ಜನರೇಟರ್ ವಾರಕ್ಕೊಮ್ಮೆ ಹತ್ತು ನಿಮಿಷ ಓಡಿರುತ್ತದೆ, ದಿನಚರಿ ಪುಸ್ತಕದಲ್ಲಿ ಸಹಿಯೂ ಬಿದ್ದಿರುತ್ತದೆ. ಆದರೆ ಆ ಹತ್ತು ನಿಮಿಷ ಅದು ಭಾರ ಹೊರದೆ ಓಡಿರುತ್ತದೆ. ಟ್ರಾನ್ಸ್‌ಮಿಟರಿನ ಪೂರ್ಣ ಭಾರ ಹೊತ್ತು ಮೂವತ್ತು ಗಂಟೆ ಓಡಬೇಕಾದಾಗ ತೊಟ್ಟಿಯ ತಳದಲ್ಲಿ ವರ್ಷಗಳಿಂದ ಕೂತ ನೀರು ಮತ್ತು ಕೆಸರು ಫಿಲ್ಟರಿಗೆ ಬಂದು ಕಟ್ಟಿಕೊಳ್ಳುತ್ತದೆ. ಡೀಸೆಲ್ ಎಂದೆಂದಿಗೂ ಕೆಡದ ಪದಾರ್ಥವಲ್ಲ. ತೇವ ಸೇರಿದರೆ ಅದರಲ್ಲಿ ಸೂಕ್ಷ್ಮಜೀವಿಗಳೂ ಬೆಳೆಯುತ್ತವೆ. ಒಂದು ಫಿಲ್ಟರ್ ಇಲ್ಲದೆ ನಿಂತುಹೋದ ನಿಲಯಕ್ಕೂ ಗೋಪುರವೇ ಮುರಿದು ನಿಂತ ನಿಲಯಕ್ಕೂ ಕೇಳುಗನ ಕಿವಿಯಲ್ಲಿ ವ್ಯತ್ಯಾಸವಿಲ್ಲ.

ಗೋಪುರ ನಿಂತಿದ್ದರೂ ಕೆಲವೊಮ್ಮೆ ಪ್ರಸಾರ ನಿಲ್ಲುವುದುಂಟು. ಗಾಳಿಗೆ ಆಂಟೆನಾ ಬಾಗಿದರೆ ಅಥವಾ ಅದಕ್ಕೆ ಹೋಗುವ ಕೇಬಲ್‌ನೊಳಗೆ ನೀರು ಹೊಕ್ಕರೆ ಅಲೆ ಹೊರಗೆ ಹೋಗದೆ ಹಿಂದಕ್ಕೆ ಚಿಮ್ಮುತ್ತದೆ. ಟ್ರಾನ್ಸ್‌ಮಿಟರ್ ತನ್ನನ್ನು ಉಳಿಸಿಕೊಳ್ಳಲು ತಾನೇ ಆರಿಹೋಗುತ್ತದೆ. ಹೊರಗಿನಿಂದ ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಕರೆಂಟ್ ಬಂದಾಗಲೇ ಸುಡುವುದು

ವಿದ್ಯುತ್ ಹೋಗುವುದಕ್ಕಿಂತ ಅದು ಮರಳುವ ಗಳಿಗೆ ಅಪಾಯದ್ದು. ಲೈನ್ ದುರಸ್ತಿಯಾಗುವಾಗ ವೋಲ್ಟೇಜ್ ಏರಿಳಿಯುತ್ತದೆ, ಮೂರು ಫೇಸ್‌ಗಳಲ್ಲಿ ಒಂದು ಬರದೇ ಇರಬಹುದು, ಬಂದು ಹೋಗಿ ಬಂದು ಹೋಗಿ ಆಡಬಹುದು. ಅನುಭವವಿರುವ ತಂತ್ರಜ್ಞ ಊರಿಗೆ ಕರೆಂಟ್ ಬಂದ ಮೇಲೂ ಕೆಲವು ಗಂಟೆ ಜನರೇಟರಿನಲ್ಲೇ ಮುಂದುವರಿಯುತ್ತಾನೆ. ಹೊರಗಿನವರಿಗೆ ಇದು ದುಂದುವೆಚ್ಚದಂತೆ ಕಾಣುತ್ತದೆ.

ಬಾಯಿ ಇದೆ, ಕಿವಿ ಇಲ್ಲ

ವಿದ್ಯುತ್ತಿನ ಚರ್ಚೆಯಲ್ಲಿ ಮರೆತುಹೋಗುವ ಮಾತೊಂದಿದೆ. ಪ್ರಸಾರ ಉಳಿದ ಮಾತ್ರಕ್ಕೆ ಹೇಳಲು ಸುದ್ದಿ ಸಿಗುವುದಿಲ್ಲ. ಇಂದಿನ ನಿಲಯ ಸುದ್ದಿ ಪಡೆಯುವುದು ಫೋನಿನಿಂದ, ಇಂಟರ್‌ನೆಟ್‌ನಿಂದ, ಕೇಳುಗರ ಸಂದೇಶಗಳಿಂದ. ಅವೆಲ್ಲ ನಿಂತಾಗ ನಿಲಯಕ್ಕೆ ಬಾಯಿ ಉಳಿದು ಕಿವಿ ಹೋಗುತ್ತದೆ. ಊರಿನ ಯಾವ ಸೇತುವೆ ಕೊಚ್ಚಿಹೋಗಿದೆ ಎಂದು ತಿಳಿಯದ ಉದ್ಘೋಷಕ ‘ಎಚ್ಚರಿಕೆಯಿಂದಿರಿ’ ಎಂದು ನೂರು ಬಾರಿ ಹೇಳಿದರೂ ಯಾರಿಗೂ ಪ್ರಯೋಜನವಿಲ್ಲ.

2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತದ ಮಳೆ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಬೆಟ್ಟದ ಊರು ಆಷ್‌ವಿಲ್ ಅನ್ನು ಮುಳುಗಿಸಿತು. ವಿದ್ಯುತ್, ಮೊಬೈಲ್, ರಸ್ತೆ, ನೀರು ಎಲ್ಲ ಒಟ್ಟಿಗೆ ಹೋದವು. ಅಲ್ಲಿನ ಸಾರ್ವಜನಿಕ ಎಫ್‌ಎಂ ನಿಲಯ ಅಧಿಕಾರಿಗಳ ದೈನಂದಿನ ವಿವರಣಾ ಸಭೆಯನ್ನು ನೇರವಾಗಿ ಪ್ರಸಾರ ಮಾಡಿತು. ಖಾಸಗಿಯವರು ಮಧ್ಯಮ ತರಂಗದಲ್ಲಿ ಎಂದಿನ ಕಾರ್ಯಕ್ರಮ ನಿಲ್ಲಿಸಿ, ಫೋನ್ ಸಿಕ್ಕ ಕೇಳುಗರು ಹೇಳಿದ್ದನ್ನು ಊರಿಗೆಲ್ಲ ಕೇಳಿಸಿದರು. ಯಾವ ಬಂಕಿನಲ್ಲಿ ಇಂಧನವಿದೆ, ಎಲ್ಲಿ ನೀರಿನ ಟ್ಯಾಂಕರ್ ಬಂದಿದೆ, ಯಾರು ಯಾರನ್ನು ಹುಡುಕುತ್ತಿದ್ದಾರೆ. ಆ ಊರಿನ ನಲ್ಲಿಗೆ ಕುಡಿಯುವಂಥ ನೀರು ಮರಳಿದ್ದು ನವೆಂಬರ್ ಮಧ್ಯ ಕಳೆದ ಮೇಲೆ ಎಂಬುದನ್ನು ನೆನೆದರೆ ನೀರಿನ ಸುದ್ದಿಗೆ ಎಷ್ಟು ಬೆಲೆ ಇತ್ತು ಎಂದು ತಿಳಿಯುತ್ತದೆ.

ಇದು ಸಾಧ್ಯವಾಗಬೇಕಾದರೆ ನಿಲಯದಲ್ಲಿ ಮನುಷ್ಯರಿರಬೇಕು. ಕಳೆದ ಮೂರು ದಶಕಗಳಲ್ಲಿ ವಾಣಿಜ್ಯ ರೇಡಿಯೊ ಸಾಗಿದ್ದು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ: ಒಂದು ಕಂಪನಿ, ಹತ್ತಾರು ನಿಲಯ, ಒಂದೇ ಕೇಂದ್ರದಿಂದ ಮೊದಲೇ ಧ್ವನಿಮುದ್ರಿಸಿದ ಮಾತು, ರಾತ್ರಿ ಕಟ್ಟಡ ಖಾಲಿ. 2002ರ ಜನವರಿಯಲ್ಲಿ ಉತ್ತರ ಡಕೋಟಾದ ಮೈನಾಟ್ ಬಳಿ ರೈಲು ಹಳಿ ತಪ್ಪಿ ಅಮೋನಿಯಾ ಅನಿಲ ಊರಿಗೆ ಹಬ್ಬಿದ ನಡುರಾತ್ರಿ, ಅಧಿಕಾರಿಗಳು ರೇಡಿಯೊ ನಿಲಯಕ್ಕೆ ಫೋನ್ ಮಾಡಿದರೂ ಯಾರನ್ನೂ ಹಿಡಿಯಲಾಗಲಿಲ್ಲ ಎಂಬುದು ದೊಡ್ಡ ವಿವಾದವಾಯಿತು. ಪೊಲೀಸರು ತಮ್ಮ ಎಚ್ಚರಿಕೆ ಉಪಕರಣವನ್ನು ಸರಿಯಾಗಿ ಬಳಸಲಿಲ್ಲ ಎಂದು ನಿಲಯಗಳ ಒಡೆಯರು ವಾದಿಸಿದರು. ತಪ್ಪು ಯಾರದೇ ಇರಲಿ, ಖಾಲಿ ಕಟ್ಟಡಕ್ಕೆ ಜನರೇಟರ್ ಇಟ್ಟು ಫಲವಿಲ್ಲ ಎಂಬುದು ಆ ರಾತ್ರಿಯಿಂದ ಮನದಟ್ಟಾಗಬೇಕಿತ್ತು. ಆಗಲಿಲ್ಲ.

ದೊಡ್ಡ ದನಿಯೋ, ಹತ್ತಿರದ ದನಿಯೋ

ನೀತಿ ನಿರೂಪಕರ ಮೊದಲ ಒಲವು ಸಾಮಾನ್ಯವಾಗಿ ಕೆಲವೇ ದೊಡ್ಡ ನಿಲಯಗಳನ್ನು ಕೋಟೆಯಂತೆ ಭದ್ರಪಡಿಸುವುದರ ಕಡೆಗೆ. ಅಮೆರಿಕದ ಆಪತ್ತು ನಿರ್ವಹಣಾ ಸಂಸ್ಥೆ ಫೆಮಾ ಹೀಗೆ 77 ನಿಲಯಗಳನ್ನು ಆರಿಸಿ, ಅವುಗಳಿಗೆ ಜನರೇಟರ್, ಇಂಧನ, ಪರ್ಯಾಯ ಸಂಪರ್ಕ ಒದಗಿಸಿದೆ. ಈ 77 ಸೇರಿ ದೇಶದ ಜನಸಂಖ್ಯೆಯ ಶೇಕಡಾ 90ಕ್ಕೂ ಹೆಚ್ಚು ಭಾಗವನ್ನು ಮುಟ್ಟುತ್ತವೆ. ಮಧ್ಯಮ ತರಂಗದ ಅಲೆ ನೆಲ ಹಿಡಿದು ಹಗಲಿನಲ್ಲೇ ನೂರು ಕಿಲೋಮೀಟರ್ ಮೀರಿ ಹೋಗುವುದರಿಂದ ಇದು ಸಾಧ್ಯ. ಕತ್ರಿನಾ ವೇಳೆ ನ್ಯೂ ಆರ್ಲಿಯನ್ಸ್‌ನಲ್ಲಿ ಉಳಿದ ನಾಲ್ಕರಲ್ಲಿ ಒಂದಾದ ಡಬ್ಲ್ಯುಡಬ್ಲ್ಯುಎಲ್ ಕೂಡ 50 ಕಿಲೋವ್ಯಾಟ್‌ನ ಮಧ್ಯಮ ತರಂಗದ ನಿಲಯ. ಪೈಪೋಟಿಯ ಎರಡು ಕಂಪನಿಗಳು ಆಗ ಜಗಳ ಬದಿಗಿಟ್ಟು ಸಿಬ್ಬಂದಿಯನ್ನು ಒಟ್ಟುಗೂಡಿಸಿ ಒಂದೇ ಪ್ರಸಾರವನ್ನು ಹಲವು ತರಂಗಾಂತರಗಳಲ್ಲಿ ನಡೆಸಿದವು.

ದೊಡ್ಡ ನಿಲಯ ರಾಜ್ಯಕ್ಕೆಲ್ಲ ‘ಬಿರುಗಾಳಿ ಬರುತ್ತಿದೆ’ ಎಂದು ಹೇಳಬಲ್ಲದು. ನಿಮ್ಮ ಬೀದಿಯ ಶಾಲೆಯಲ್ಲಿ ಆಶ್ರಯ ಕೇಂದ್ರ ತೆರೆದಿದೆಯೇ ಎಂದು ಅದಕ್ಕೆ ತಿಳಿಯದು, ತಿಳಿದರೂ ಎರಡು ಸಾವಿರ ಬೀದಿಗಳ ಪಟ್ಟಿ ಓದಲು ಅದಕ್ಕೆ ಪುರುಸೊತ್ತಿಲ್ಲ. ಬಿರುಗಾಳಿಗೆ ಮುಂಚಿನ ಎಚ್ಚರಿಕೆಗೆ ದೊಡ್ಡ ದನಿ ಸಾಕು. ನಂತರದ ಬದುಕಿಗೆ ಹತ್ತಿರದ ದನಿಯೇ ಬೇಕು.

ಇಲ್ಲಿ ಸಣ್ಣ ನಿಲಯಗಳಿಗೆ ಒಂದು ಸ್ವಾಭಾವಿಕ ಅನುಕೂಲವಿದೆ: ಅವು ಸತ್ತರೆ ಬೇಗ ಮತ್ತೆ ಹುಟ್ಟಬಲ್ಲವು. 2013ರ ನವೆಂಬರ್‌ನಲ್ಲಿ ಹೈಯಾನ್ ಚಂಡಮಾರುತ ಫಿಲಿಪ್ಪೀನ್ಸ್‌ನ ಗುಯಿವಾನ್ ಪಟ್ಟಣವನ್ನು ನೆಲಸಮ ಮಾಡಿದಾಗ, ಇಂಟರ್‌ನ್ಯೂಸ್ ಎಂಬ ಸಂಸ್ಥೆಯ ನೆರವಿನಿಂದ ರಾದ್ಯೊ ಬಕ್ದಾವ್ ಎಂಬ ತಾತ್ಕಾಲಿಕ ನಿಲಯ ಅದೇ ತಿಂಗಳು ಎದ್ದು ನಿಂತಿತು. ಟ್ರಾನ್ಸ್‌ಮಿಟರ್, ಮಿಕ್ಸರ್, ಮೈಕ್ ಎಲ್ಲವನ್ನೂ ಒಂದು ಸೂಟ್‌ಕೇಸಿನಲ್ಲಿ ಒಯ್ಯಬಹುದಾದ ಉಪಕರಣಗಳು ಈಗ ಹೊಸತಲ್ಲ. ಜಪಾನ್ ಇದನ್ನು ಕಾನೂನಿನಲ್ಲೇ ಅಳವಡಿಸಿಕೊಂಡಿದೆ. 1995ರ ಕೋಬೆ ಭೂಕಂಪದ ನಂತರ ಆರಂಭವಾದ ‘ತಾತ್ಕಾಲಿಕ ಆಪತ್ತು ಪ್ರಸಾರ ನಿಲಯ’ ಎಂಬ ವ್ಯವಸ್ಥೆಯಲ್ಲಿ ಸ್ಥಳೀಯ ಆಡಳಿತಕ್ಕೆ ತುರ್ತು ಪರವಾನಗಿ ಬಹುಬೇಗ ಸಿಗುತ್ತದೆ. 2011ರ ಸುನಾಮಿಯ ನಂತರ ಸುಮಾರು ಮೂವತ್ತು ನಿಲಯಗಳು ಹೀಗೆ ಹುಟ್ಟಿದವು. ಪರವಾನಗಿಯ ಕಡತ ತಿಂಗಳುಗಟ್ಟಲೆ ಓಡಾಡುವ ದೇಶಗಳಲ್ಲಿ ಸೂಟ್‌ಕೇಸ್ ಎಷ್ಟು ಹಗುರವಾಗಿದ್ದರೇನು?

ಖರ್ಚು ಯಾರದು?

ಈಗ ಜಗಳದ ಮೂಲಕ್ಕೆ ಬರೋಣ. ಬಿರುಗಾಳಿಯ ವಾರ ರೇಡಿಯೊ ನಿಲಯಕ್ಕೆ ಕೇಳುಗರು ಅತಿ ಹೆಚ್ಚು, ಆದಾಯ ಅತಿ ಕಡಿಮೆ. ಅಂಗಡಿಗಳು ಮುಚ್ಚಿರುವಾಗ ಜಾಹೀರಾತು ಕೊಡುವವರು ಯಾರೂ ಇರುವುದಿಲ್ಲ. ಡೀಸೆಲ್, ಹೆಚ್ಚುವರಿ ಪಾಳಿ, ದುರಸ್ತಿ ಎಲ್ಲ ಖರ್ಚೇ. ಐದು ವರ್ಷಕ್ಕೊಮ್ಮೆ ಬರುವ ಆ ವಾರಕ್ಕಾಗಿ ಪ್ರತಿ ವರ್ಷ ಜನರೇಟರಿನ ಆರೈಕೆ ಮಾಡುವುದು ಲೆಕ್ಕಪತ್ರದಲ್ಲಿ ಬರೀ ನಷ್ಟ.

ಆದ್ದರಿಂದ ಕಡ್ಡಾಯ ಮಾಡಿ ಎನ್ನುತ್ತದೆ ಒಂದು ಪಕ್ಷ. ಪರವಾನಗಿ ಸಾರ್ವಜನಿಕರ ತರಂಗಾಂತರದ್ದು, ಅದನ್ನು ಪಡೆದವರು ಇಷ್ಟು ಗಂಟೆ ಪರ್ಯಾಯ ವಿದ್ಯುತ್ ಇಟ್ಟುಕೊಳ್ಳಲೇಬೇಕು ಎಂಬುದು ಅವರ ವಾದ. ಮೊಬೈಲ್ ಗೋಪುರಗಳ ವಿಷಯದಲ್ಲಿ ಇದರ ಚರಿತ್ರೆ ಪಾಠದಂತಿದೆ. ಕತ್ರಿನಾ ನಂತರ 2007ರಲ್ಲಿ ಎಫ್‌ಸಿಸಿ ಪ್ರತಿ ಗೋಪುರಕ್ಕೆ ಎಂಟು ಗಂಟೆಯ ಪರ್ಯಾಯ ವಿದ್ಯುತ್ ಕಡ್ಡಾಯ ಮಾಡಹೊರಟಿತು. ಕಂಪನಿಗಳು ನ್ಯಾಯಾಲಯಕ್ಕೆ ಹೋದವು, 2008ರಲ್ಲಿ ಶ್ವೇತಭವನದ ಬಜೆಟ್ ಕಚೇರಿ ಅನುಮೋದನೆ ನಿರಾಕರಿಸಿತು, ನಿಯಮ ಜಾರಿಗೇ ಬರಲಿಲ್ಲ. ಹನ್ನೆರಡು ವರ್ಷದ ನಂತರ, ಕಾಳ್ಗಿಚ್ಚಿನಿಂದ ಬೆಂದ ಕ್ಯಾಲಿಫೋರ್ನಿಯಾ ಹೆಚ್ಚು ಅಪಾಯದ ಪ್ರದೇಶಗಳಿಗೆ 72 ಗಂಟೆಯ ನಿಯಮ ತಂದಿತು.

ನಿಲಯಗಳ ಕಡೆಯ ಮಾತಿನಲ್ಲೂ ಹುರುಳಿದೆ. ಮೂರು ಜನ ಸಿಬ್ಬಂದಿಯ ಸಮುದಾಯ ಬಾನುಲಿಗೂ ನಗರದ ದೈತ್ಯ ನಿಲಯಕ್ಕೂ ಒಂದೇ ನಿಯಮ ಹೇರಿದರೆ ಮೊದಲು ಮುಚ್ಚುವುದು ಸಣ್ಣದು. ಆಪತ್ತಿಗಾಗಿ ಮಾಡಿದ ನಿಯಮ ಆಪತ್ತಿಗೆ ಮೊದಲೇ ನಿಲಯವನ್ನು ಕೊಂದರೆ ಏನು ಸಾಧಿಸಿದಂತಾಯಿತು?

ಮೂರನೆಯ ಪಕ್ಷದವರು ರೇಡಿಯೊವನ್ನೇ ಬಿಡಿ ಎನ್ನುತ್ತಾರೆ. ಹೆಲೀನ್ ನಂತರ 2024ರ ಅಕ್ಟೋಬರ್‌ನಲ್ಲಿ ಎಫ್‌ಸಿಸಿಯ ತಾತ್ಕಾಲಿಕ ಅನುಮತಿಯ ಮೇಲೆ ಸ್ಟಾರ್‌ಲಿಂಕ್ ಉಪಗ್ರಹಗಳು ನೇರವಾಗಿ ಸಾಮಾನ್ಯ ಮೊಬೈಲ್‌ಗೆ ಸಂದೇಶ ಮುಟ್ಟಿಸಿದವು. ಗೋಪುರವೇ ಬೇಡವಾದಾಗ ಗುಡ್ಡದ ಮೇಲಿನ ಡೀಸೆಲ್ ಚಿಂತೆ ಏಕೆ ಎಂಬುದು ಅವರ ಪ್ರಶ್ನೆ. ಈ ವಾದ ದಿನೇ ದಿನೇ ಬಲವಾಗುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಫೋನಿಗೆ ಚಾರ್ಜ್ ಬೇಕು, ದಿನಕ್ಕೊಮ್ಮೆ ಬೇಕು. ಎರಡು ಪೆನ್ಸಿಲ್ ಸೆಲ್ಲಿನ ಟ್ರಾನ್ಸಿಸ್ಟರ್ ಹತ್ತಾರು ಗಂಟೆ ಮಾತನಾಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಉಪಗ್ರಹ ಸಂದೇಶ ಸಾಗಿಸಬಲ್ಲದು. ಆ ಸಂದೇಶವನ್ನು ಊರಿನಲ್ಲಿ ಓಡಾಡಿ ಖಚಿತಪಡಿಸಿಕೊಂಡು ಬರೆಯುವವರು ಯಾರು ಎಂಬ ಪ್ರಶ್ನೆಗೆ ಅದರ ಬಳಿ ಉತ್ತರವಿಲ್ಲ.

ಸಾರ್ವಜನಿಕ ಅನುದಾನದ ವಾದ ಈ ಮೂರರ ನಡುವೆ ಸಿಕ್ಕಿಬಿದ್ದಿದೆ. ತೆರಿಗೆಯ ಹಣ ಮಾಧ್ಯಮಕ್ಕೆ ಹೋಗಬಾರದು, ಒಂದು ಕಡೆಗೆ ವಾಲಿದ ಸುದ್ದಿಗೆ ಎಲ್ಲರೂ ಏಕೆ ತೆರಬೇಕು ಎಂಬುದು ಕಡಿತದ ಪರ ಇರುವವರ ನಿಲುವು. ಅದು ಸುದ್ದಿಯ ಬಗ್ಗೆ ನಡೆದ ಜಗಳ. ಆದರೆ ಕಡಿತವಾದದ್ದು ಸುದ್ದಿಯ ಹಣ ಮಾತ್ರವಲ್ಲ. ನಿಲಯಗಳ ಎಚ್ಚರಿಕೆ ಉಪಕರಣಗಳನ್ನು ಬದಲಿಸಲು ಫೆಮಾ ಕೊಡುತ್ತಿದ್ದ ಅನುದಾನವೂ, ಸಂಸತ್ತಿನ ಹಣವನ್ನು ನಿಲಯಗಳಿಗೆ ಮುಟ್ಟಿಸುತ್ತಿದ್ದ ಸಾರ್ವಜನಿಕ ಪ್ರಸಾರ ನಿಗಮದ ಮೂಲಕವೇ ಹಂಚಿಕೆಯಾಗುತ್ತಿತ್ತು, ಮತ್ತು ಆ ನಿಗಮವೇ 2025ರ ಆಗಸ್ಟ್‌ನಲ್ಲಿ ಬಾಗಿಲು ಮುಚ್ಚುವುದಾಗಿ ಘೋಷಿಸಿತು. ಸಂಪಾದಕೀಯ ನೀತಿಯ ಮೇಲಿನ ಸಿಟ್ಟು ಡೀಸೆಲ್ ತೊಟ್ಟಿಯ ಮೇಲೆ ತೀರಿತು. ಎರಡನ್ನೂ ಬೇರೆ ಬೇರೆ ಖಾತೆಯಲ್ಲಿ ಇಟ್ಟಿದ್ದರೆ ಹೀಗಾಗುತ್ತಿರಲಿಲ್ಲ. ಆಸ್ಟ್ರೇಲಿಯಾ 2019-20ರ ಕಾಳ್ಗಿಚ್ಚಿನ ನಂತರ ಮೊಬೈಲ್ ಗೋಪುರಗಳಿಗೆ ಕನಿಷ್ಠ 12 ಗಂಟೆಯ ಬ್ಯಾಟರಿ ಒದಗಿಸಲು ಪ್ರತ್ಯೇಕ ಸರ್ಕಾರಿ ಯೋಜನೆಯನ್ನೇ ರೂಪಿಸಿತು. ಆ ಗೋಪುರದಿಂದ ಯಾರು ಏನು ಮಾತನಾಡುತ್ತಾರೆ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಕೇಳುವ ಕೈಯಲ್ಲಿ ರೇಡಿಯೊ ಇದೆಯೇ?

ಇಷ್ಟೆಲ್ಲ ಮಾಡಿ ಪ್ರಸಾರ ಉಳಿಸಿದರೂ ಅದನ್ನು ಹಿಡಿಯುವ ಪೆಟ್ಟಿಗೆ ಮನೆಯಲ್ಲಿ ಇರಬೇಕು. ಸ್ಮಾರ್ಟ್‌ಫೋನ್‌ನಲ್ಲಿ ಕೇಳುವ ‘ರೇಡಿಯೊ’ ಬಹುತೇಕ ಇಂಟರ್‌ನೆಟ್ ಮೂಲಕ ಬರುವಂಥದ್ದು. ನಿಜವಾದ ಎಫ್‌ಎಂ ಗ್ರಾಹಕ ಕೆಲವು ಫೋನ್‌ಗಳಲ್ಲಿ ಮಾತ್ರ ಇದೆ, ಅದಕ್ಕೂ ಆಂಟೆನಾ ಆಗಿ ಇಯರ್‌ಫೋನ್ ತಂತಿ ಬೇಕು, ಆ ತಂತಿ ಚುಚ್ಚುವ ರಂಧ್ರವೇ ಹೊಸ ಫೋನುಗಳಿಂದ ಮಾಯವಾಗಿದೆ. ಉಳಿದದ್ದು ಕಾರು. ವಿದ್ಯುತ್ ಕಾರುಗಳ ಮೋಟರು ಮಧ್ಯಮ ತರಂಗಕ್ಕೆ ಗದ್ದಲ ತುಂಬುತ್ತದೆಂದು ಕೆಲವು ತಯಾರಕರು ಆ ತರಂಗ ಹಿಡಿಯುವ ರೇಡಿಯೊವನ್ನೂ ತೆಗೆದರು. ಅದನ್ನು ಕಡ್ಡಾಯಗೊಳಿಸುವ ಮಸೂದೆ ಅಮೆರಿಕದ ಸಂಸತ್ತಿನಲ್ಲಿ 2023ರ ಮೇ ತಿಂಗಳಲ್ಲಿ ಮಂಡನೆಯಾಯಿತು. ಸ್ವೀಡನ್ 2024ರಲ್ಲಿ ಮನೆಮನೆಗೆ ಹಂಚಿದ ಆಪತ್ತಿನ ಕೈಪಿಡಿಯಲ್ಲಿ ಬ್ಯಾಟರಿ ರೇಡಿಯೊ ಇಟ್ಟುಕೊಳ್ಳಿ ಎಂದು ನೇರವಾಗಿ ಬರೆಯಿತು. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್‌ನಲ್ಲಿ ವಿದ್ಯುತ್ ಜಾಲ ಕುಸಿದಾಗ, ಅದು ಬಿರುಗಾಳಿಯಿಂದಲ್ಲದಿದ್ದರೂ, ಜನ ಅಂಗಡಿಗಳಲ್ಲಿ ಹುಡುಕಿದ್ದು ಇದೇ ಪೆಟ್ಟಿಗೆಯನ್ನು.

ಮುಂದೇನಾಗಬಹುದು

ಹಣ ಕಳೆದುಕೊಂಡ ನಿಲಯಗಳು ಒಂದೇ ಬಾರಿಗೆ ಮುಚ್ಚುವುದಿಲ್ಲ. ಮೊದಲು ರಾತ್ರಿ ಪಾಳಿ ಹೋಗುತ್ತದೆ. ನಂತರ ಕಾಯಂ ತಂತ್ರಜ್ಞನ ಬದಲು ಕರೆದಾಗ ಬರುವ ಗುತ್ತಿಗೆಯವನು ಬರುತ್ತಾನೆ, ಮೂರು ಜಿಲ್ಲೆಗಳಿಗೆ ಒಬ್ಬನೇ. ಆಮೇಲೆ ಹಳೆಯ ಮೈಕ್ರೋವೇವ್ ಕೊಂಡಿಯ ಪರವಾನಗಿ ಶುಲ್ಕ ಉಳಿಸಲು ಇಂಟರ್‌ನೆಟ್ ಸಾಕೆಂದು ತೀರ್ಮಾನವಾಗುತ್ತದೆ. ಹಾಡು ಎಂದಿನಂತೆ ಬರುತ್ತಿರುತ್ತದೆ, ಕೇಳುಗನಿಗೆ ಏನೂ ಬದಲಾದಂತೆ ತೋರುವುದಿಲ್ಲ. ಇದರ ಫಲ ಕಾಣುವುದು ಮುಂದಿನ ಬಿರುಗಾಳಿಯ ಎರಡನೆಯ ಅಥವಾ ಮೂರನೆಯ ದಿನ.

ನಿಯಂತ್ರಕರು ಮನಸ್ಸು ಮಾಡಿದರೆ ಹೆಚ್ಚು ಖರ್ಚಿಲ್ಲದೆ ಆಗುವ ಕೆಲಸಗಳೂ ಇವೆ. ದೊಡ್ಡ ನಿಲಯಗಳಿಗೆ ಮೂರು ದಿನದ ಇಂಧನದ ನಿಯಮ, ಸಣ್ಣವಕ್ಕೆ ದಿನಕ್ಕೆ ಮೂರು ಗಂಟೆ ಮಾತನಾಡುವಷ್ಟು ಬ್ಯಾಟರಿ. ಟ್ರಾನ್ಸ್‌ಮಿಟರಿನ ಬಳಿಯೇ ಒಂದು ಮೈಕ್, ಒಂದು ಲ್ಯಾಪ್‌ಟಾಪ್. ಬಂಕಿನ ಸಾಲಿನಲ್ಲಿ ನಿಲಯದ ವಾಹನಕ್ಕೆ ಆಂಬುಲೆನ್ಸಿನ ನಂತರದ ಸ್ಥಾನ. ಪರೀಕ್ಷೆಯೂ ಕಷ್ಟದ್ದಲ್ಲ. ಮಳೆಗಾಲಕ್ಕೆ ಮುಂಚೆ ಒಂದು ದಿನ ಮುಖ್ಯ ಸ್ವಿಚ್ಚನ್ನು ಆರಿಸಿ, ಇಂಟರ್‌ನೆಟ್ ಕೇಬಲನ್ನೂ ಕಿತ್ತು, ನಿಲಯ ಎಷ್ಟು ಹೊತ್ತು ಮಾತನಾಡುತ್ತದೆ ಎಂದು ಗಡಿಯಾರ ಹಿಡಿದು ಬರೆದುಕೊಳ್ಳುವುದು. ಬಹಳ ನಿಲಯಗಳು ಆ ದಿನವನ್ನು ಮುಂದೂಡುತ್ತಲೇ ಇರುತ್ತವೆ, ಏಕೆಂದರೆ ಪ್ರಸಾರ ನಿಂತರೆ ಅಷ್ಟು ಹೊತ್ತಿನ ಜಾಹೀರಾತು ಹೋಗುತ್ತದೆ.